ಬೆಳಗಾಗುವ ಮುಂಚಿನ ಪಾಠ



ನಮಗೆ ಅಕ್ಷರ ಕಲಿಸಿದವರನ್ನು ದೇವರ ಮುಂದೆ ನೆನೆಯಲು ಇಂದು ಕೂಡಿದ್ದೇವೆ. ಈ ಆಲಯದ ಬೆಂಚುಗಳಲ್ಲಿ ಕುಳಿತಿರುವ ಒಬ್ಬೊಬ್ಬರಿಗೂ ಒಬ್ಬ ಟೀಚರಮ್ಮ ನೆನಪಿಗೆ ಬಂದೇ ಬರುತ್ತಾರೆ. ಸ್ಲೇಟಿನ ಮೇಲೆ ನಮ್ಮ ಬೆರಳು ಹಿಡಿದು ತಿದ್ದಿಸಿದವರು, ಮಗ್ಗಿ ತಪ್ಪಿದಾಗ ಗದರಿ ಮರುಗಳಿಗೆಯಲ್ಲೇ ತಲೆ ಸವರಿದವರು, ತಮ್ಮ ಮನೆಯ ಒಲೆಯ ಮೇಲೆ ಅನ್ನ ಇಟ್ಟು ಬಂದು ನಮ್ಮ ಮನೆಯ ಮಕ್ಕಳಿಗೆ ಪಾಠ ಹೇಳಿದವರು. ಅವರಲ್ಲಿ ಕೆಲವರು ಇಂದು ನಮ್ಮ ನಡುವೆ ಇದ್ದಾರೆ. ಕೆಲವರು ಈ ಆಲಯದ ಆಚೆ, ಸಮಾಧಿಯಂಗಳದಲ್ಲಿ ಮಲಗಿ ಪುನರುತ್ಥಾನದ ಬೆಳಗಿಗಾಗಿ ಕಾದಿದ್ದಾರೆ. ಅವರೆಲ್ಲರ ಹೆಸರು ಹೇಳಲು ಈ ಹೊತ್ತು ಸಾಲದು. ಆದ್ದರಿಂದ ನಮ್ಮ ನಾಡಿನಲ್ಲೇ ಸಂಸಾರ ನಡೆಸಿದ ಒಬ್ಬ ತಾಯಿಯ ಕಥೆಯನ್ನು ಹೇಳುತ್ತೇನೆ. ಆಕೆಗೆ ಶಾಲೆ ಇರಲಿಲ್ಲ, ಸಂಬಳ ಇರಲಿಲ್ಲ, ಹಾಜರಿ ಪುಸ್ತಕ ಇರಲಿಲ್ಲ. ಆದರೂ ಆಕೆ ಹೇಳಿದ ಪಾಠ ಇಂದಿಗೂ ಮುಗಿದಿಲ್ಲ.

ಕುದುರೆಮುಖದ ಸೀಮೆಯಲ್ಲಿ ಗಂಗಾಮೂಲವೆಂಬ ಜಾಗವಿದೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಕಾಡು ಅದು. ಒಂದೂವರೆ ಶತಮಾನಕ್ಕೂ ಹಿಂದೆ ಆ ಕಾಡಿನ ನಡುವೆ ಅನಂತಶಾಸ್ತ್ರಿ ಡೋಂಗ್ರೆ ಎಂಬ ಸಂಸ್ಕೃತ ವಿದ್ವಾಂಸರು ಮನೆ ಕಟ್ಟಿಕೊಂಡಿದ್ದರು. ಅವರ ಹೆಂಡತಿ ಲಕ್ಷ್ಮೀಬಾಯಿ. ಮದುವೆಯಾಗಿ ಬಂದಾಗ ಒಂಬತ್ತು ವರ್ಷದ ಹುಡುಗಿ. ಗಂಡನಿಗೆ ನಲವತ್ತು ದಾಟಿತ್ತು. ಆ ಕಾಲದ ಪದ್ಧತಿ ಹಾಗಿತ್ತು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಆ ಶಾಸ್ತ್ರಿಗಳು ಆ ಕಾಲದವರು ಮಾಡದ ಒಂದು ಕೆಲಸ ಮಾಡಿದರು: ಮನೆಗೆ ಬಂದ ಹುಡುಗಿಯನ್ನು ಕೂರಿಸಿಕೊಂಡು ಸಂಸ್ಕೃತ ಕಲಿಸಿದರು. ಹೆಣ್ಣಿಗೆ ಈ ವಿದ್ಯೆಯೇ ಎಂದು ಸುತ್ತಲಿನವರು ಸಿಟ್ಟಾದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಶಾಸ್ತ್ರಿಗಳು ಉತ್ತರ ಕೊಡಬೇಕಾಯಿತು. ಅವರು ಗ್ರಂಥಗಳನ್ನೇ ತೆಗೆದು, ಸಾಲು ಸಾಲಾಗಿ ತೋರಿಸಿ, ಹೆಣ್ಣು ಓದಬಾರದೆಂದು ಎಲ್ಲಿದೆ ಎಂದು ಕೇಳಿದರು. ಸಭೆ ಅವರನ್ನು ಜಾತಿಯಿಂದ ಹೊರಗೆ ಹಾಕಲಿಲ್ಲ. ಹೀಗೆ ಒಬ್ಬಳು ಹುಡುಗಿಗೆ ಸಿಕ್ಕ ವಿದ್ಯೆ ಆ ಕಾಡಿನ ಮನೆಯೊಳಗೆ ದೀಪದ ಹಾಗೆ ಉಳಿಯಿತು.

ಆ ಮನೆಯಲ್ಲಿ 1858ರ ಏಪ್ರಿಲ್ ತಿಂಗಳಲ್ಲಿ ಕೊನೆಯ ಮಗಳಾಗಿ ಹುಟ್ಟಿದವಳು ರಮಾ. ಮುಂದೆ ಲೋಕವೆಲ್ಲ ಪಂಡಿತಾ ರಮಾಬಾಯಿ ಎಂದು ಕರೆದದ್ದು ಇವಳನ್ನೇ. ಮಗು ಹುಟ್ಟುವ ಹೊತ್ತಿಗೆ ಮನೆಯ ಸ್ಥಿತಿ ಕುಸಿದಿತ್ತು. ಬಂದ ಯಾತ್ರಿಕರಿಗೆ ಊಟ, ಓದಲು ಬಂದ ಹುಡುಗರಿಗೆ ಆಶ್ರಯ, ಇಲ್ಲವೆನ್ನದ ಮನೆ. ಕೊಟ್ಟು ಕೊಟ್ಟು ಸಾಲವಾಯಿತು. ಮಗುವಿಗೆ ಆರು ತಿಂಗಳಾದಾಗ ಕುಟುಂಬ ಗಂಗಾಮೂಲ ಬಿಟ್ಟಿತು. ಬೆತ್ತದ ಬುಟ್ಟಿಯಲ್ಲಿ ಮಗುವನ್ನು ಮಲಗಿಸಿ, ಬುಟ್ಟಿಯನ್ನು ಕೂಲಿಯಾಳಿನ ತಲೆಯ ಮೇಲೆ ಹೊರಿಸಿ, ಘಟ್ಟ ಇಳಿದರು. ಅಲ್ಲಿಂದ ಮುಂದೆ ಅವರಿಗೆ ದಾರಿಯೇ ಮನೆ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು.

ಪ್ರಿಯರೇ, ಈಗ ಆ ತಾಯಿಯ ದಿನವನ್ನು ಸ್ವಲ್ಪ ಎಣಿಸಿ ನೋಡಿ. ನೀರು ತರಬೇಕು, ಸೌದೆ ಕೂಡಿಸಬೇಕು, ಅಡಿಗೆ ಮಾಡಬೇಕು, ವಯಸ್ಸಾದ ಗಂಡನ ಆರೈಕೆ ಮಾಡಬೇಕು, ಮೂರು ಮಕ್ಕಳನ್ನು ನೋಡಬೇಕು, ಮರುದಿನ ಮತ್ತೆ ಗಂಟು ಕಟ್ಟಿ ನಡೆಯಬೇಕು. ಇಂಥ ದಿನದಲ್ಲಿ ಪಾಠಕ್ಕೆ ಹೊತ್ತೆಲ್ಲಿದೆ? ಹಗಲಿನಲ್ಲಿ ಇರಲಿಲ್ಲ. ಆದ್ದರಿಂದ ಆಕೆ ಹಗಲು ಹುಟ್ಟುವ ಮೊದಲೇ ಹೊತ್ತು ಮಾಡಿಕೊಂಡರು. ಇನ್ನೂ ಕತ್ತಲಿರುವಾಗ, ನೆಲದ ಮೇಲೆ ಮಲಗಿದ್ದ ಮಗಳನ್ನು ಎತ್ತಿ ಮಡಿಲಿಗೆ ತೆಗೆದುಕೊಂಡು, ಮುದ್ದಿನ ಮಾತು ಹೇಳಿ ಹೇಳಿ ನಿದ್ದೆ ಬಿಡಿಸುತ್ತಿದ್ದರು. ಮರಗಳಲ್ಲಿ ಹಕ್ಕಿಗಳು ದನಿ ತೆಗೆಯುವ ಹೊತ್ತಿಗೆ ಪಾಠ ನಡೆದಿರುತ್ತಿತ್ತು. ಕೈಯಲ್ಲಿ ಪುಸ್ತಕವಿಲ್ಲ. ತಾಯಿ ಹೇಳುತ್ತಾಳೆ, ಮಗಳು ಹೇಳುತ್ತಾಳೆ. ತಾಯಿಯ ತುಟಿಯೇ ಪುಸ್ತಕ. ರಮಾಗೆ ಎಂಟು ವರ್ಷವಿದ್ದಾಗ ಸುರುವಾದ ಈ ಪಾಠ ಹದಿನೈದರವರೆಗೂ ನಡೆಯಿತು. ಭಾಗವತದ ಹದಿನೆಂಟು ಸಾವಿರ ಶ್ಲೋಕ ಆ ಹುಡುಗಿಯ ನಾಲಗೆಯ ಮೇಲೆ ನಿಂತದ್ದು ಇಂಥ ನಸುಕುಗಳಲ್ಲಿ.

ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಒಬ್ಬ ಗುಣವತಿಯ ಚಿತ್ರವಿದೆ. ಆಕೆಯೂ ಕತ್ತಲಿರುವಾಗಲೇ ಏಳುತ್ತಾಳೆ, ಮನೆಯವರಿಗೆ ಉಣಬಡಿಸುತ್ತಾಳೆ. ಆಕೆ ಬಾಯಿ ತೆರೆದರೆ ಜ್ಞಾನ, ಆಕೆಯ ನಾಲಗೆಯ ಮೇಲೆ ಪ್ರೀತಿಯ ಉಪದೇಶ. ನಾವು ಆ ಅಧ್ಯಾಯವನ್ನು ಮದುವೆಗಳಲ್ಲಿ ಓದುತ್ತೇವೆ, ಸಮಾಧಿಯ ಬಳಿಯಲ್ಲಿ ಓದುತ್ತೇವೆ. ಓದುವಾಗ ಒಂದು ಮಾತನ್ನು ಮರೆಯಬೇಡಿ: ಉಣಿಸುವ ಕೈಯೂ ಕಲಿಸುವ ಬಾಯಿಯೂ ಅಲ್ಲಿ ಒಬ್ಬಳದೇ. ಸಂಸಾರ ಒಂದು ಕಡೆ, ವಿದ್ಯೆ ಇನ್ನೊಂದು ಕಡೆ ಎಂದು ಆ ಅಧ್ಯಾಯ ಹೇಳುವುದಿಲ್ಲ. ಗಂಗಾಮೂಲದ ಆ ತಾಯಿಯ ನಂಬಿಕೆ ನಮ್ಮದಾಗಿರಲಿಲ್ಲ, ಆಕೆಯ ಪ್ರಾರ್ಥನೆಯ ಮಾತುಗಳು ಬೇರೆಯಾಗಿದ್ದವು. ಆದರೆ ಒಳ್ಳೆಯ ದಾನವೆಲ್ಲ ಮೇಲಿನಿಂದಲೇ ಇಳಿಯುತ್ತದೆ ಎಂದು ಯಾಕೋಬನು ನಮಗೆ ಕಲಿಸಿಲ್ಲವೇ? ಆ ನಸುಕಿನ ಪ್ರೀತಿಯೂ ಮೇಲಿನಿಂದಲೇ ಇಳಿದದ್ದು. ನಾವು ಗುರುತಿಸುವ ಮೊದಲೇ ದೇವರ ಕೃಪೆ ಕೆಲಸಕ್ಕೆ ಇಳಿದಿರುತ್ತದೆ. ನಮಗೆ ಬೆಳಗಾಗುವುದು ತಡವಾಗಬಹುದು, ಆತನು ಎದ್ದಿರುವುದು ಎಂದೂ ತಡವಲ್ಲ.

ಮುಂದಿನ ಭಾಗವನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. 1870ರ ದಶಕದಲ್ಲಿ ದಕ್ಷಿಣದ ಮೇಲೆ ಬರ ಬಿತ್ತು. ಊರೂರು ಅಲೆದ ಕುಟುಂಬದ ಕೈ ಬರಿದಾಯಿತು. ಮೊದಲು ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ ಜ್ವರ ಹಿಡಿದು ಮಲಗಿದರು. ಹಸಿವಿನಲ್ಲಿ ನರಳುತ್ತಿದ್ದ ತಾಯಿಯನ್ನು ನೋಡಲಾರದೆ, ಹದಿನಾರರ ಮಗಳು ನೆರೆಯ ಮನೆಯ ಬಾಗಿಲಿಗೆ ಹೋಗಿ ನಿಂತಳು. ಬೇಡಿ ಅಭ್ಯಾಸವಿಲ್ಲ, ಬಾಯಿ ಬರಲಿಲ್ಲ. ಸಾವಿರ ಸಾವಿರ ಶ್ಲೋಕ ಹೇಳುವ ನಾಲಗೆಗೆ 'ರೊಟ್ಟಿ ಕೊಡಿ' ಎಂಬ ಎರಡು ಮಾತು ಹೇಳಲು ಕಣ್ಣೀರು ಬಂತು. ಆ ಮನೆಯಾಕೆ ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟರು. ಹುಡುಗಿ ಓಡುತ್ತಾ ಬಂದು ತಾಯಿಯ ಬಾಯಿಗಿಟ್ಟಳು. ತಾಯಿಗೆ ಅದನ್ನು ನುಂಗುವ ಶಕ್ತಿ ಉಳಿದಿರಲಿಲ್ಲ. ಕೆಲವು ದಿನಗಳಲ್ಲಿ ಪ್ರಾಣ ಹೋಯಿತು. ಹೆಣ ಹೊರಲು ಜನ ಸಿಗಲಿಲ್ಲ. ಹೇಗೋ ಇಬ್ಬರು ಬಂದರು, ಮೂರನೆಯವನು ಅಣ್ಣ, ನಾಲ್ಕನೆಯ ಹೆಗಲು ಮಗಳದೇ ಆಗಬೇಕಾಯಿತು. ಆಕೆ ಕುಳ್ಳಗಿದ್ದಳು. ಹೆಗಲು ಚಟ್ಟಕ್ಕೆ ನಿಲುಕಲಿಲ್ಲ. ತಾಯಿಯ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನದ ದಾರಿ ನಡೆದಳು.

ಸಹೋದರರೇ, ಸಹೋದರಿಯರೇ, ಆ ದಾರಿಯ ಎರಡು ಬದಿಯ ಮನೆಗಳನ್ನು ನೆನೆಸಿಕೊಳ್ಳಿ. ಮಳೆ ಬಾರದೆ ಬರ ಬಂತೆನ್ನಬಹುದು. ಮುಚ್ಚಿದ ಬಾಗಿಲನ್ನು ಯಾರು ತಂದರು? ಪಾಪವೆಂದರೆ ಏನೋ ದೊಡ್ಡ ಅಪರಾಧ, ಪೋಲೀಸು ಕೋರ್ಟಿನ ಮಾತು ಎಂದುಕೊಳ್ಳುತ್ತೇವೆ. ಪಾಪ ಮುಚ್ಚಿದ ಬಾಗಿಲಿನ ಹಿಂದೆ ಸದ್ದಿಲ್ಲದೆ ಕುಳಿತಿರುತ್ತದೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಯ ಮಗಳು ಹಿತ್ತಲಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ಒಳಗೆ ನಮ್ಮ ಮಗುವಿಗೆ ಟ್ಯೂಷನ್ ನಡೆದಿರುತ್ತದೆ. ಅವಳನ್ನೂ ಒಳಗೆ ಕೂರಿಸು ಎಂದು ಹೇಳಲು ನಮ್ಮ ಬಾಯಿ ಬರುವುದಿಲ್ಲ. ಅದು ಪಾಪ. ತರಗತಿಯಲ್ಲಿ ತಡವಾಗಿ ಕಲಿಯುವ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ ದಡ್ಡನೆಂದು ಕರೆಯುತ್ತೇವೆ. ಆ ಒಂದು ಮಾತನ್ನು ಅವನು ಐವತ್ತು ವರ್ಷ ಹೊತ್ತು ನಡೆಯುತ್ತಾನೆ. ಅದು ಪಾಪ. ನಮ್ಮ ಅಜ್ಜಿ ಓದಿದಳು, ನಮ್ಮ ತಾಯಿ ಓದಿದಳು, ನಾವು ಓದಿದೆವು, ಇನ್ನು ಯಾರು ಓದಿದರೇನು ಬಿಟ್ಟರೇನು ಎಂದು ನೆಮ್ಮದಿಯಿಂದ ಉಣ್ಣುತ್ತೇವೆ. ಅದೂ ಪಾಪ. ಪಡೆದದ್ದನ್ನು ಹಿಡಿದಿಟ್ಟುಕೊಳ್ಳುವ ಮುಷ್ಟಿ ದೇವರ ಮುಂದೆ ಎಂದಿಗೂ ಶುದ್ಧವಲ್ಲ. ಆ ಮುಷ್ಟಿಯನ್ನು ಬಿಡಿಸಲು ಬಂದವನೇ ನಮ್ಮ ಕರ್ತನು. ಆತನ ಕೈಗಳು ತೆರೆದಿದ್ದವು; ತೆರೆದ ಕೈಗಳಿಗೇ ಮೊಳೆ ಹೊಡೆಯಲು ಸಾಧ್ಯವಾಯಿತು.

ತಾಯಿಯನ್ನು ಸುಟ್ಟು ಬಂದ ಆ ಹುಡುಗಿಯ ಬದುಕು ಹೇಗೆ ತಿರುಗಿತು ನೋಡಿ. ಅಕ್ಕನೂ ತೀರಿಕೊಂಡಳು. ಅಣ್ಣನೊಂದಿಗೆ ನಡೆದು ನಡೆದು 1878ರಲ್ಲಿ ಕಲ್ಕತ್ತೆ ಸೇರಿದಳು. ಅಲ್ಲಿನ ವಿದ್ವಾಂಸರು ತಾಯಿಯ ಮಡಿಲಿನ ಆ ವಿದ್ಯೆಯನ್ನು ಕೇಳಿ ಬೆರಗಾದರು. 'ಪಂಡಿತಾ' ಎಂದರು, 'ಸರಸ್ವತಿ' ಎಂದರು. ಎರಡು ವರ್ಷಕ್ಕೆ ಅಣ್ಣ ಹೋದನು. ಮದುವೆಯಾಯಿತು, ಮಗಳು ಹುಟ್ಟಿದಳು, ಮಗುವಿಗೆ ವರ್ಷ ತುಂಬುವ ಮೊದಲೇ ಗಂಡ ಕಾಲರಾದಲ್ಲಿ ತೀರಿಕೊಂಡರು. ಇಪ್ಪತ್ತಮೂರರ ವಿಧವೆ, ಕೈಯಲ್ಲಿ ಕೂಸು. ಆ ಕೂಸಿಗೆ ಇಟ್ಟ ಹೆಸರು ಮನೋರಮಾ, ಮನಸ್ಸಿಗೆ ಆನಂದ ಕೊಡುವವಳು. ಅಷ್ಟೊಂದು ಸಾವು ಕಂಡ ಕಣ್ಣು ಅಂಥ ಹೆಸರನ್ನು ಆರಿಸಿತೆಂದರೆ, ಆ ಎದೆಯಲ್ಲಿ ಯಾರೋ ಆಗಲೇ ಬೆಳಕು ಹಿಡಿದಿದ್ದರು. 1882ರಲ್ಲಿ ಸರಕಾರದ ಹಂಟರ್ ಶಿಕ್ಷಣ ಆಯೋಗ ಪುಣೆಗೆ ಬಂದಾಗ ಈ ವಿಧವೆ ಎದ್ದು ನಿಂತು, ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕಿಯರು ಬೇಕು, ಹೆಣ್ಣು ವೈದ್ಯರು ಬೇಕು ಎಂದು ಹೇಳಿದರು. ನೆರೆಮನೆಯ ಬಾಗಿಲಲ್ಲಿ ರೊಟ್ಟಿ ಬೇಡಲು ಬಾರದ ಬಾಯಿ, ದೇಶದ ಹೆಣ್ಣುಮಕ್ಕಳಿಗಾಗಿ ಬೇಡಲು ಹಿಂಜರಿಯಲಿಲ್ಲ.

ಮರುವರ್ಷ ಓದಲೆಂದು ಇಂಗ್ಲೆಂಡಿಗೆ ಹೋದರು. ಅಲ್ಲಿ ಫುಲ್ಹಮ್ ಎಂಬಲ್ಲಿ, ಊರು ಮುಖ ತಿರುಗಿಸಿದ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ತಮ್ಮ ಅಕ್ಕತಂಗಿಯರಂತೆ ನೋಡಿಕೊಳ್ಳುವುದನ್ನು ಕಂಡರು. ಬಿದ್ದವಳನ್ನು ಹೀಗೆ ಎತ್ತುವವರನ್ನು ರಮಾಬಾಯಿ ಅದುವರೆಗೆ ಕಂಡಿರಲಿಲ್ಲ. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದರು. ಉತ್ತರವಾಗಿ ಅವರಿಗೆ ಸಮಾರ್ಯದ ಸ್ತ್ರೀಯ ಕಥೆಯನ್ನು ಓದಿ ಹೇಳಿದರು. ಪ್ರಿಯರೇ, ನಮಗೆ ಆ ಕಥೆ ಬಾಯಿಪಾಠ. ಒಮ್ಮೆ ಶಿಕ್ಷಕಿಯ ಕಣ್ಣಿನಿಂದ ಅದನ್ನು ನೋಡಿರಿ. ಮಟಮಟ ಮಧ್ಯಾಹ್ನ, ಬಾವಿಯ ಕಟ್ಟೆ, ದಣಿದು ಕುಳಿತ ಒಬ್ಬ ಗುರು, ಎದುರಿಗೆ ಒಬ್ಬಳೇ ವಿದ್ಯಾರ್ಥಿನಿ, ಅದೂ ಯಾರೂ ಕೂರಿಸಿಕೊಂಡು ಮಾತಾಡದವಳು. ಆತನು ಅವಳ ಪಾಪವನ್ನು ಮುಚ್ಚಿ ಮಾತಾಡಲಿಲ್ಲ, ಅವಳ ಪಾಪಕ್ಕಾಗಿ ಅವಳನ್ನು ದೂಡಲೂ ಇಲ್ಲ. ಕುಡಿಯಲು ನೀರು ಕೇಳಿದನು, ಜೀವಜಲ ಕೊಟ್ಟನು. ಪಾಠ ಮುಗಿದ ಕೂಡಲೇ ಆ ಹೆಂಗಸು ಮಾಡಿದ್ದೇನು? ತಂದ ಕೊಡವನ್ನು ಅಲ್ಲೇ ಬಿಟ್ಟು, ಕೇರಿಗೆ ಓಡಿ, ತನ್ನನ್ನು ದೂರವಿಟ್ಟ ಜನರನ್ನೇ ಕರೆದಳು. ಕಲಿತ ಗಳಿಗೆಯಲ್ಲೇ ಕಲಿಸುವವಳಾದಳು. ಕೃಪೆ ಮುಟ್ಟಿದ ಬದುಕಿನ ಗುರುತು ಇದೇ, ಕೊಡ ಅಲ್ಲೇ ಉಳಿಯುತ್ತದೆ, ಕಾಲು ಊರಿನ ಕಡೆಗೆ ಓಡುತ್ತದೆ.

1883ರ ಸೆಪ್ಟೆಂಬರಿನಲ್ಲಿ ರಮಾಬಾಯಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಆದರೆ ಅವರೇ ಮುಂದೆ ಸಂಕೋಚವಿಲ್ಲದೆ ಒಪ್ಪಿಕೊಂಡ ಒಂದು ಸಂಗತಿಯಿದೆ, ಅದು ಇಂದು ನಮ್ಮೆಲ್ಲರಿಗಾಗಿ. ದೀಕ್ಷಾಸ್ನಾನವಾಗಿ ಹಲವು ವರ್ಷ ಕಳೆದ ಮೇಲೆ ಅವರಿಗೆ ತಿಳಿಯಿತು: ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಇನ್ನೂ ಸಿಕ್ಕಿರಲಿಲ್ಲ ಎಂದು. ಸಂಸ್ಕೃತ ಬಲ್ಲ, ಶಾಲೆ ನಡೆಸುವ ಆ ಪಂಡಿತೆ, ಏನೂ ಇಲ್ಲದ ಪಾಪಿಯಂತೆ ಬಂದು ಕರ್ತನ ಕ್ಷಮೆಯ ಮುಂದೆ ಮೊಣಕಾಲೂರಿದರು. ನಮ್ಮಲ್ಲಿ ಎಷ್ಟು ಮಂದಿ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ, ಪಾಠದಲ್ಲಿರುವವನನ್ನು ಭೇಟಿಯಾಗದೆ ಇದ್ದೇವೆ! ಎಷ್ಟು ಮಂದಿಗೆ ಕೀರ್ತನೆಯ ನಂಬರು ಗೊತ್ತು, ಕಣ್ಣೀರು ಗೊತ್ತಿಲ್ಲ! ಬದುಕು ಬದಲಾಗುವುದು ತಿಳಿವಳಿಕೆ ಹೆಚ್ಚಾದಾಗ ಎಂದು ನಾವು ನಂಬಿದ್ದೇವೆ. ಬದುಕು ಬದಲಾಗುವುದು ನಿದ್ದೆಯಲ್ಲಿದ್ದ ನಮ್ಮನ್ನು ಒಬ್ಬನು ಎತ್ತಿ ಮಡಿಲಿಗೆ ತೆಗೆದುಕೊಂಡಾಗ. ಎದ್ದ ಮಗುವಿಗೆ ಆಮೇಲೆ ಪಾಠ ಹತ್ತುತ್ತದೆ.

ಇಲ್ಲಿಂದ ಮುಂದೆ ಆ ತಾಯಿಯ ನಸುಕಿನ ಪಾಠ ಹೇಗೆ ಹಬ್ಬಿತೆಂದು ಕೇಳಿರಿ. 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಬಾಲವಿಧವೆಯರಿಗೆ ಮನೆಯೂ ಹೌದು, ಶಾಲೆಯೂ ಹೌದು. ಮೊದಲು ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಅವರಲ್ಲಿ ಗೋದೂಬಾಯಿ ಎಂಬ ಎಳೆಯ ವಿಧವೆ ಮುಂದೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ, ಆನಂದೀಬಾಯಿ ಎಂಬ ಹೆಸರಿನಿಂದ ಹೊಸ ಬಾಳು ಕಟ್ಟಿದರು. 1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಮತ್ತೆ ಬರ ಬಿತ್ತು. ಸುದ್ದಿ ಕೇಳಿದ ರಮಾಬಾಯಿಗೆ ತಮ್ಮ ಹದಿನಾರರ ಹಸಿವು ನೆನಪಾಯಿತು. ಅವರು ಕಾದು ಕೂರಲಿಲ್ಲ, ತಾವೇ ಹೋದರು. ಹಾದಿಬೀದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ನೂರು ನೂರಾಗಿ ಕರೆತಂದರು. ಪುಣೆಯ ಬಳಿ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಬರ ಕಳೆಯುವಾಗ ಅಲ್ಲಿ ಎರಡು ಸಾವಿರದ ಹತ್ತಿರ ಜನ ಉಣ್ಣುತ್ತಿದ್ದರು, ಓದುತ್ತಿದ್ದರು, ನೇಯುತ್ತಿದ್ದರು, ಅಚ್ಚುಮೊಳೆ ಜೋಡಿಸುತ್ತಿದ್ದರು. ತಾಯಿ ನುಂಗಲಾರದೆ ಹೋದ ಆ ಒಂದು ತುಂಡು ಸಜ್ಜೆ ರೊಟ್ಟಿ ವ್ಯರ್ಥವಾಯಿತೆಂದು ಯಾರು ಹೇಳಿದರು? ದೇವರು ಅದನ್ನು ಎತ್ತಿಕೊಂಡನು, ಮುರಿದನು, ಸಾವಿರಾರು ಮಕ್ಕಳಿಗೆ ಹಂಚಿದನು. ನಮ್ಮ ಸೋಲಿನ ತುಂಡನ್ನೂ ಆತನು ಬುಟ್ಟಿಯಲ್ಲಿ ಕೂಡಿಸುತ್ತಾನೆ.

ಮೂರನೆಯ ತಲೆಮಾರಿನಲ್ಲಿ ಮನೋರಮಾ. ತಾಯಿಯ ಮಗಳಾಗಿ, ತಾಯಿಯ ಶಾಲೆಯ ಶಿಕ್ಷಕಿಯಾಗಿ, ತಾಯಿಯ ಬಲಗೈಯಾಗಿ ನಿಂತವರು. ಕಣ್ಣು ಕಾಣದ ಹುಡುಗಿಯರಿಗೆ ಬ್ರೈಲ್ ಅಕ್ಷರವನ್ನು ಬೆರಳ ತುದಿಯಲ್ಲಿ ಕಲಿಸಿದರು. ಪುಸ್ತಕವಿಲ್ಲದ ಅಜ್ಜಿಗೆ ತುಟಿಯೇ ಪುಸ್ತಕವಾಗಿದ್ದರೆ, ಮೊಮ್ಮಗಳ ಶಿಷ್ಯೆಯರಿಗೆ ಬೆರಳೇ ಕಣ್ಣಾಯಿತು. ನಮ್ಮ ಕಲಬುರಗಿಯಲ್ಲಿಯೂ 1910ರ ದಶಕದಲ್ಲಿ ಈ ತಾಯಿ ಮಗಳ ಶ್ರಮದಿಂದ ಶಾಲೆ ಎದ್ದಿತು. ಗಂಗಾಮೂಲದಿಂದ ಬೆತ್ತದ ಬುಟ್ಟಿಯಲ್ಲಿ ಇಳಿದುಹೋದ ಮಗು, ಕನ್ನಡ ನಾಡಿನ ಇನ್ನೊಂದು ತುದಿಗೆ ಪಾಟಿ ಬಳಪವಾಗಿ ಮರಳಿತು. 1921ರ ಜುಲೈಯಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ಒಬ್ಬಳೇ ಮಗಳು. ಆ ದುಃಖದಲ್ಲೂ ರಮಾಬಾಯಿ ಹಿಡಿದ ಕೆಲಸ ಬಿಡಲಿಲ್ಲ. ಹಳ್ಳಿಯ ಹೆಂಗಸಿಗೂ ತಿಳಿಯುವ ಸರಳ ಮರಾಠಿಗೆ ಸತ್ಯವೇದವನ್ನು ಮೂಲ ಭಾಷೆಗಳಿಂದ ತರುವ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತ ಬಂದಿದ್ದರು; ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಹಿಂದೆ 1887ರಲ್ಲಿ ಅಮೆರಿಕದಲ್ಲಿ ಬರೆದ ತಮ್ಮ ಹೆಸರಾಂತ ಇಂಗ್ಲಿಷ್ ಪುಸ್ತಕವನ್ನು ಅವರು ಯಾವ ರಾಣಿಗೂ, ಯಾವ ದೊರೆಗೂ ಅರ್ಪಿಸಿರಲಿಲ್ಲ. ತನ್ನ ಬಾಳಿಗೆ ದಾರಿದೀಪವಾದವಳೆಂದು ಲಕ್ಷ್ಮೀಬಾಯಿ ಡೋಂಗ್ರೆ ಎಂಬ ತಾಯಿಯ ನೆನಪಿಗೆ ಅರ್ಪಿಸಿದ್ದರು.

ಪೌಲನು ತಿಮೊಥೆಗೆ ಬರೆಯುವಾಗ ಅವನ ನಂಬಿಕೆಯ ಬೇರನ್ನು ಹುಡುಕುತ್ತಾ ಹೋಗಿ ಇಬ್ಬರು ಹೆಂಗಸರ ಬಳಿ ನಿಲ್ಲುತ್ತಾನೆ: ಅಜ್ಜಿ ಲೋವಿ, ತಾಯಿ ಯೂನಿಕೆ. ಆ ಇಬ್ಬರು ಎಷ್ಟು ಹೊತ್ತಿಗೆ ಎದ್ದರು, ಯಾವ ಒಲೆಯ ಮುಂದೆ ಕುಳಿತು ಹೇಳಿದರು ಎಂಬುದನ್ನು ಸತ್ಯವೇದ ನಮಗೆ ಹೇಳುವುದಿಲ್ಲ. ಅವರ ಪಾಠದ ವರದಿ ತಿಮೊಥೆಯೇ. ನಮ್ಮ ಟೀಚರಮ್ಮಂದಿರ ವರದಿಯೂ ನಾವೇ. ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಋಣ ತೀರಿತೆಂದು ಮನೆಗೆ ಹೋಗುತ್ತೇವೆ. ಶಾಲು ಒಳ್ಳೆಯದೇ, ಆದರೆ ಗುರುವಿನ ಋಣವನ್ನು ಗುರುವಿಗೆ ಹಿಂದಿರುಗಿಸಲಾಗುವುದಿಲ್ಲ. ಅದನ್ನು ಮುಂದೆ ಕುಳಿತಿರುವ ಇನ್ನೊಬ್ಬರಿಗೆ ಕೊಡಬೇಕು. ಲಕ್ಷ್ಮೀಬಾಯಿ ಗಂಡನಿಂದ ಪಡೆದದ್ದನ್ನು ಮಗಳಿಗೆ ಕೊಟ್ಟರು. ಮಗಳು ತಾಯಿಯಿಂದ ಪಡೆದದ್ದನ್ನು ಊರ ಅನಾಥರಿಗೆ ಕೊಟ್ಟರು. ಮೊಮ್ಮಗಳು ಕಣ್ಣಿಲ್ಲದವರಿಗೆ ಕೊಟ್ಟರು. ಕೃಪೆ ನಿಂತ ನೀರಾಗಲು ಒಪ್ಪುವುದಿಲ್ಲ. ಗಂಗಾಮೂಲದಲ್ಲಿ ಹುಟ್ಟಿದ ನದಿ ಗಂಗಾಮೂಲದಲ್ಲೇ ಉಳಿಯುವುದುಂಟೇ?

ಆದ್ದರಿಂದ, ಪ್ರಿಯ ಸಹೋದರ ಸಹೋದರಿಯರೇ, ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಶಿಕ್ಷಕಿಯರಾಗಿರುವ ತಾಯಂದಿರೇ, ಅಕ್ಕಂದಿರೇ, ನಿಮ್ಮ ದಣಿವು ದೇವರಿಗೆ ಗೊತ್ತು. ಎರಡು ಮನೆಯ ಕೆಲಸವನ್ನು ಒಂದೇ ದೇಹದಲ್ಲಿ ಮಾಡುತ್ತೀರಿ. ಯಾರೂ ಎಣಿಸದ ಆ ಹೊತ್ತನ್ನು ಆತನು ಎಣಿಸುತ್ತಾನೆ. ನಾಳೆ ತರಗತಿಯಲ್ಲಿ ಕೊನೆಯ ಬೆಂಚಿನ ಮಗುವನ್ನು ಹೆಸರು ಹಿಡಿದು ಕರೆಯಿರಿ. ಗಂಡಂದಿರೇ, ಮಕ್ಕಳೇ, ಆಕೆ ಸಂಜೆ ಬಂದಾಗ ಒಲೆ ಹೊತ್ತಿಸಿಟ್ಟಿರಿ. ನಸುಕಿನ ಪಾಠ ಹೇಳುವ ತಾಯಿಗೆ ಹಗಲಿನಲ್ಲಿ ಸ್ವಲ್ಪ ನಿದ್ದೆ ಬೇಕು. ಯಾರನ್ನಾದರೂ ದಡ್ಡನೆಂದು ಕರೆದು ಗಾಯ ಮಾಡಿದ್ದರೆ, ಅವರು ಈಗ ಎಷ್ಟೇ ದೊಡ್ಡವರಾಗಿರಲಿ, ಹುಡುಕಿಕೊಂಡು ಹೋಗಿ ತಪ್ಪಾಯಿತೆನ್ನಿರಿ. ಕಲಿಸಿದವರು ಇನ್ನೂ ಬದುಕಿದ್ದರೆ, ಅವರ ಮನೆಯ ಬಾಗಿಲಿಗೆ ಒಮ್ಮೆ ಹೋಗಿ ಬನ್ನಿರಿ. ನಾನು ಬದಲಾಗಲಾರೆ, ಕಾಲ ಮೀರಿತು ಎನ್ನುವವರು ಇಲ್ಲಿ ಯಾರಾದರೂ ಇದ್ದರೆ, ಬಾವಿಯ ಕಟ್ಟೆಯ ಮೇಲೆ ದಣಿದು ಕುಳಿತವನು ಇನ್ನೂ ಎದ್ದು ಹೋಗಿಲ್ಲ; ನಿಮಗಾಗಿಯೇ ಕುಳಿತಿದ್ದಾನೆ. ನಿಮ್ಮ ಕೊಡವನ್ನು ಆತನ ಪಾದದ ಬಳಿ ಇಡಿರಿ.

ಕೊನೆಗೆ ಒಂದೇ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ, ನಿಮ್ಮ ಕೇರಿಯಲ್ಲಿ, ಓದು ಬರೆಹ ಬೇಕಾಗಿರುವ ಒಬ್ಬರಿದ್ದಾರೆ. ಒಬ್ಬಳು ಹುಡುಗಿ ಇರಬಹುದು, ಸತ್ಯವೇದವನ್ನು ತಾನೇ ಓದಬೇಕೆಂದು ಆಸೆಪಡುವ ಒಬ್ಬ ಅಜ್ಜಿ ಇರಬಹುದು. ಇಂದು ಮನೆಗೆ ಹೋದ ಮೇಲೆ ಅವರ ಹೆಸರನ್ನು ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿರಿ. ನಾಳೆ ಅರ್ಧ ಗಂಟೆ ಮೊದಲು ಎದ್ದು ಅವರನ್ನು ಹತ್ತಿರ ಕೂರಿಸಿಕೊಳ್ಳಿರಿ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಕೃಪೆ ಕಲಿಸುವವರ ಸಂಗಡಲೂ ಕಲಿಯುವವರ ಸಂಗಡಲೂ ಇರಲಿ. ಆಮೆನ್.